ಹಳದಿ ವಿಮಾನಕ್ಕೆ ಆಯುಧಪೂಜೆ

ನನ್ನ ಭಾವ ಕೃಷ್ಣಪ್ಪನ ಕೈಗೆ ಗಂಧದ ಬಟ್ಟಲು ಸಿಕ್ಕಿದರೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಬೊಟ್ಟು ಇಟ್ಟೇ ತೀರಬೇಕು. 2017ರ ಆಯುಧಪೂಜೆ ಶುಕ್ರವಾರವೇ ಬಂದಿತ್ತು. ದುಬೈಯಲ್ಲಿ ಆಗ ಶುಕ್ರವಾರವೇ ವಾರದ ರಜೆ, ಬೇರೆ ರಜೆ ಕೇಳುವ ಗೋಜಿಲ್ಲದ ದಿನ. ನಾನು ಸತ್ವಾದಿಂದ ಪಿಕಪ್ ಹೊಡೆದುಕೊಂಡು ಮಿರ್ದಿಫ್‌ನ ಅವನ ವಿಲ್ಲಾಕ್ಕೆ ಮುಟ್ಟುವಾಗ ಎರಡು ಕಾರು, ವಾಷಿಂಗ್ ಮೆಷಿನ್, ಮಿಕ್ಸಿ, ಲ್ಯಾಪ್‌ಟಾಪ್, ಹೊಟ್ಟೆ ಕರಗಿಸಲೆಂದು ತಂದು ಒದ್ದೆ ಬಟ್ಟೆ ಹರವಲು ಬಳಸುತ್ತಿದ್ದ ಟ್ರೆಡ್‌ಮಿಲ್, ಎಲ್ಲದರ ಹಣೆಗೂ ಗಂಧ, ಕುಂಕುಮ, ಅಕ್ಷತೆ ಬಿದ್ದಾಗಿತ್ತು. ನನ್ನ ಪಿಕಪ್ ನಿಲ್ಲುವುದೇ ತಡ, ಅದಕ್ಕೂ ಒಂದು ಬೊಟ್ಟು.

ಇದರಲ್ಲಿ ನನಗೆ ತಕರಾರಿಲ್ಲ. ಅನ್ನ ಕೊಡುವ ಕಬ್ಬಿಣಕ್ಕೆ ವರ್ಷಕ್ಕೊಮ್ಮೆ ಕೈಮುಗಿಯುವುದು ಒಳ್ಳೆಯ ಪದ್ಧತಿ. ನನ್ನ ಅಂಗಡಿಯ ಹೊಲಿಗೆ ಮೆಷಿನಿಗೂ ನಾನು ಹೂವು ಇಟ್ಟೇ ಬಂದಿದ್ದೆ. ಆದರೆ ಕೈಮುಗಿಯುವಾಗ ಎದುರಿಗೆ ದೇವರಿದ್ದರೆ ಸಾಲದು, ಫೋನು ಹಿಡಿದ ಒಬ್ಬ ಬೇಕು ಎನ್ನುವ ಜಾತಿಯೊಂದು ಇದೆಯಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಭಾವ ಆ ಜಾತಿಯವನು.

ಅವತ್ತು ಅವನ ಪೂಜೆ ವಿಲ್ಲಾದಲ್ಲಿ ಮುಗಿಯುವಂಥದ್ದಲ್ಲ. ಹರಿವಾಣದಲ್ಲಿ ಗಂಧ, ಅಕ್ಷತೆ, ಕರ್ಪೂರ, ಊರಿಂದ ವಿಮಾನದಲ್ಲಿ ಬಂದ ಶಂಕರಪುರ ಮಲ್ಲಿಗೆಯ ಚೆಂಡು, ಎಲ್ಲ ಜೋಡಿಸಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ವಸಂತಿಯ ತೊಡೆಯ ಮೇಲೆ ಇಟ್ಟ. ಅಕ್ಕನ ಪಕ್ಕ ಅವಳ ಮಗಳು ಅಶ್ಮಿತಾ ಮುಖ ಕಿವುಚಿಕೊಂಡು ಕೂತಿದ್ದಳು.

"ಪಪ್ಪಾ, ನೋ. ಪ್ಲೀಸ್. ನೀವು ಮತ್ತು ಅಮ್ಮ ಬನ್ನಿ. ಮಾಮ ಬರ್ಲಿ. ಬೇರೆ ಯಾರೂ ಬೇಡ ಅಂತ ಹೇಳಿದ್ದೆ ಅಲ್ವಾ?"

"ಐತಪ್ಪಣ್ಣ ಒಬ್ರೇ ಮಗಾ. ಅವರ ಒಟ್ಟಿಗೆ ಕರಾವಳಿ ಬಳಗದ ನಾಲ್ಕು ಜನ."

"ನಾಲ್ಕು ಜನ ಒಬ್ರೇ ಹೇಗಾಗ್ತಾರೆ?"

"ಅಧ್ಯಕ್ಷರು ಒಬ್ರೇ ಬರ್ಲಿಕ್ಕೆ ಆಗ್ತದಾ? ಮರ್ಯಾದೆ ಉಂಟಲ್ಲ!"

ಅಶ್ಮಿತಾ ದುಬೈಯಲ್ಲೇ ಬೆಳೆದ ಹುಡುಗಿ. ವಿಮಾನ ಹಾರಿಸುವ ಲೈಸೆನ್ಸ್ ಅವಳಿಗೆ ಹಿಂದಿನ ವರ್ಷವೇ ಸಿಕ್ಕಿತ್ತು. ಅದು ಹೊಸ ಕಾಲದ ಚಿಕ್ಕ ವಿಮಾನದ್ದು. ಗಾಜು, ಬಾಗಿಲು, ಒಳಗೆ ಟಿ.ವಿ.ಯಂಥ ಪರದೆ ಎಲ್ಲ ಇರುವಂಥದ್ದು. ಆದರೆ ಅವಳ ಜೀವ ಇದ್ದದ್ದು ಬೇರೊಂದರ ಮೇಲೆ. ದುಬೈಯಿಂದ ಅಬುಧಾಬಿಗೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಮರಳಿನ ನಡುವೆ ಒಂದು ಫ್ಲೈಯಿಂಗ್ ಕ್ಲಬ್ ಇದೆ. ಅಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ ಹಳದಿ ಬಣ್ಣದ ಟೈಗರ್ ಮೋತ್ ಇತ್ತು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಹುಡುಗರಿಗೆ ಹಾರಾಟ ಕಲಿಸಲೆಂದೇ ಮಾಡಿದ ವಿಮಾನ ಅದು. ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ಮರದ ಕಂಬ, ಕಂಬದಿಂದ ಕಂಬಕ್ಕೆ ತಂತಿ, ಮೈಗೆಲ್ಲ ಬಟ್ಟೆ. ತಲೆಯ ಮೇಲೆ ಮಾಡು ಇಲ್ಲ, ಬ್ರೇಕಿಲ್ಲ. ಕಲಿಸುವವ ಮುಂದೆ, ಕಲಿಯುವವ ಹಿಂದೆ. ಒಬ್ಬನೇ ಹಾರಿಸುವುದಾದರೂ ಹಿಂದೆಯೇ ಕೂರಬೇಕು. ಮೊದಲ ಸಲ ನೋಡಿದಾಗ ಮದುವೆ ಚಪ್ಪರಕ್ಕೆ ಎಂಜಿನ್ ಕಟ್ಟಿದ್ದಾರೆ ಎಂದು ನಾನು ನಕ್ಕಿದ್ದೆ. ಹುಡುಗಿ ಒಂದು ವಾರ ನನ್ನ ಜೊತೆ ಮಾತಾಡಿರಲಿಲ್ಲ.

ಅಲ್ಲಿ ಕಲಿಸುವವನು ನಮ್ಮ ಕರಾವಳಿಯ ಕಿನ್ನಿಗೋಳಿ ಕಡೆಯ ಜೆರಾಲ್ಡ್. ನಮ್ಮ ವಾಯುಪಡೆಯಲ್ಲಿ ಹುಡುಗರಿಗೆ ಹಾರಾಟ ಕಲಿಸಿ ನಿವೃತ್ತನಾಗಿ ಇಲ್ಲಿಗೆ ಬಂದವನು. ಬಾಯಿ ತೆರೆದರೆ ಬೈಗುಳ. "ಹೊಸ ವಿಮಾನ ನಿನ್ನ ತಪ್ಪನ್ನು ಸೆರಗಿನಲ್ಲಿ ಮುಚ್ತದೆ, ಇದು ಊರಿಗೆಲ್ಲ ಡಂಗುರ ಹೊಡೀತದೆ" ಎಂದು ಹೇಳಿ ಹೇಳಿ, ಅಶ್ಮಿತಾಳನ್ನು ವರ್ಷವಿಡೀ ಆ ಹಳದಿ ವಿಮಾನದಲ್ಲಿ ಅಳಿಸಿದ್ದ. ಅವಳು ಅಳುತ್ತ ಬಂದು ಮರುವಾರ ಮತ್ತೆ ಹೋಗುತ್ತಿದ್ದಳು. ಅವಳ ಎತ್ತರಕ್ಕೆ ಮುಂದಿನದು ಕಾಣುವುದಿಲ್ಲವೆಂದು ಸೀಟಿಗೆ ದಪ್ಪ ಕುಶನ್ ಹೊಲಿದುಕೊಟ್ಟದ್ದು ನಾನು. ಅಷ್ಟೇ ನನಗೂ ಆ ವಿಮಾನಕ್ಕೂ ಇದ್ದ ಸಂಬಂಧ.

ಡಿಸೆಂಬರಿನ ನ್ಯಾಷನಲ್ ಡೇಗೆ ಕ್ಲಬ್ಬಿನವರು ಹಳೆಯ ವಿಮಾನಗಳನ್ನು ಸಾಲಾಗಿ ಹಾರಿಸುವವರಿದ್ದರು. ಟೈಗರ್ ಮೋತನ್ನು ಯಾರು ಹಾರಿಸಬೇಕೆಂದು ಹೇಳುವುದು ಜೆರಾಲ್ಡ್. ಆ ಶುಕ್ರವಾರ ಅಶ್ಮಿತಾ ಒಬ್ಬಳೇ ಅದನ್ನು ಮೇಲಕ್ಕೆ ಒಯ್ದು, ಒಂದು ಸುತ್ತು ಹಾಕಿ, ಇಳಿಸಬೇಕು. ಅವನು ಕೆಳಗೆ ನಿಂತು ನೋಡುತ್ತಾನೆ. ಸರಿಯಾದರೆ ಡಿಸೆಂಬರ್ ಅವಳದು, ಇಲ್ಲವಾದರೆ ಇಲ್ಲ. ಇದಿಷ್ಟು ಮನೆಯಲ್ಲಿ ಬಾಯಿ ತಪ್ಪಿ ಹೇಳಿದ್ದೇ ಹುಡುಗಿ ಮಾಡಿದ ಮೊದಲ ತಪ್ಪು. ಭಾವ ಅದೇ ಸಂಜೆ ದುಬೈಯಲ್ಲಿರುವ ನಮ್ಮೂರವರ ಸಂಘ 'ಕರಾವಳಿ ಬಳಗ'ದ ಅಧ್ಯಕ್ಷ ಐತಪ್ಪನಿಗೆ ಫೋನು ಹಚ್ಚಿದ್ದ.

ಕ್ಲಬ್ಬಿನ ಗೇಟಿನಲ್ಲಿ ಐತಪ್ಪ ನಮಗಿಂತ ಮೊದಲೇ ಮುಟ್ಟಿ ನಿಂತಿದ್ದ. ಸೆಪ್ಟೆಂಬರಿನ ಕೊನೆ, ಬೆಳಗ್ಗೆಯೇ ಮರಳು ಬಾಣಲೆಯ ಹಾಗೆ ಕಾದಿತ್ತು. ಆ ಸೆಕೆಯಲ್ಲಿ ಕೋಟು ಹಾಕಿದ್ದ. ಅವನ ಹಿಂದೆ ಬಳಗದವರ ಕೈಯಲ್ಲಿ ಜರಿಯ ಶಾಲು, ಮೈಸೂರು ಪೇಟ, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ನಮ್ಮವರಿಗೆ ಇದೊಂದು ಚಟ. ಊರಿಂದ ಯಾರಾದರೂ ಬಂದರೆ ಶಾಲು, ಹೋದರೆ ಶಾಲು, ಯಾರೂ ಬಾರದಿದ್ದರೆ ಕಳೆದ ವರ್ಷ ಶಾಲು ಹೊದಿಸಿದವನಿಗೆ ಈ ವರ್ಷ ಶಾಲು. ಹೊದಿಸಿದ ಶಾಲಿನಲ್ಲಿ ದುಬೈಯನ್ನೇ ಸುತ್ತಬಹುದು.

"ಕೆಲಸ ಆಗುವ ಮೊದಲೇ ಸನ್ಮಾನ ತಂದಿದ್ದೀರಾ?" ಎಂದು ಕೇಳಿದೆ.

"ಆಗೇ ಆಗ್ತದೆ ಮಾರಾಯ್ರೆ! ನಮ್ಮ ಹುಡುಗಿ ಅಲ್ವಾ? ಆಮೇಲೆ ಪುನಃ ಯಾರು ಇಷ್ಟು ದೂರ ಬರುವುದು?" ಎಂದ ಐತಪ್ಪ. ಫೋನನ್ನು ಉದ್ದನೆಯ ಕೋಲಿಗೆ ಸಿಕ್ಕಿಸಿಕೊಂಡು ನಿಂತಿದ್ದ ತೌಫೀಕನ ಕಡೆ ತಿರುಗಿ, "ಏ ತೌಫೀಕ್, ಲೈವ್ ಶುರು ಮಾಡಿದ್ಯಾ?" ಎಂದ. ತೌಫೀಕ್ ಉಳ್ಳಾಲದ ಹುಡುಗ. ಬಳಗದ ಎಲ್ಲ ಕಾರ್ಯಕ್ರಮಗಳ ವೀಡಿಯೊ ಅವನದೇ.

"ಈಗಲೇ ಲೈವ್ ಮಾಡಿದ್ರೆ ಜನ ನಿಮ್ಮ ಕೋಟು ನೋಡಿ ಓಡಿ ಹೋಗ್ತಾರೆ ಸಾರ್. ವಿಮಾನ ಬರ್ಲಿ, ಯಲ್ಲಾ, ನಡೀರಿ ಅಂತ ಶುರು ಮಾಡುವ" ಎಂದ ತೌಫೀಕ್. ಅಲ್ಲಿದ್ದವರಲ್ಲಿ ತಲೆ ನೆಟ್ಟಗಿದ್ದವನು ಅವನೊಬ್ಬನೇ ಎಂದು ನನಗೆ ಅನಿಸಿತು.

ಹ್ಯಾಂಗರಿನ ಹೊರಗೆ ಹಳದಿ ವಿಮಾನ ಮೂಗು ಮೇಲೆತ್ತಿ ನಿಂತಿತ್ತು. ಅಶ್ಮಿತಾ ಅದರ ಸುತ್ತ ನಿಧಾನಕ್ಕೆ ಬಂದಳು. ಒಂದೊಂದು ತಂತಿ ಎಳೆದು ನೋಡಿದಳು, ಬಟ್ಟೆಯ ಮೇಲೆ ಅಂಗೈ ಸವರಿದಳು, ಬಗ್ಗಿ ಚಕ್ರ ನೋಡಿದಳು. ಜೆರಾಲ್ಡ್ ಎರಡು ಕೈಯನ್ನೂ ಬೆನ್ನಿಗೆ ಕಟ್ಟಿಕೊಂಡು ಅವಳ ಹಿಂದೆಯೇ ಬಂದ. ಸುತ್ತು ಮುಗಿದ ಮೇಲೆ ನಮ್ಮ ಕಡೆ ತಿರುಗಿದ.

"ಇದನ್ನು ನೋಡಿ ಆಯ್ತು. ಇನ್ನು ಯಾರೂ ಮುಟ್ಟಬಾರದು. ನೋಡ್ಲಿಕ್ಕೆ ಬಂದವರು ಕಣ್ಣಲ್ಲಿ ನೋಡಿ, ಕೈಯಲ್ಲಿ ಅಲ್ಲ" ಎಂದು ಹೇಳಿ, ಟವರಿಗೆ ಫೋನು ಮಾಡಲು ಆಫೀಸಿಗೆ ಹೋದ. ಅಶ್ಮಿತಾ ಹೆಲ್ಮೆಟ್ ತರಲು ಒಳಗೆ ನಡೆದಳು. ಕುಶನ್ನಿನ ಪಟ್ಟಿ ಸಡಿಲಾಗಿದೆ ಎಂದು ಅವಳು ಹೇಳಿದ್ದರಿಂದ ನಾನೂ ಅವಳ ಜೊತೆ ಹೋದೆ. ಅಕ್ಕನೂ ನೀರು ಕುಡಿಯಲೆಂದು ನೆರಳಿಗೆ ಬಂದಳು.

ಸೂಜಿಗೆ ನೂಲು ಹಾಕಿ ಪಟ್ಟಿ ಬಿಗಿದು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂಗಿನ ತುದಿಯ ಪಂಖಕ್ಕೆ ಮಲ್ಲಿಗೆ. ಎಂಜಿನಿನ ಮೂತಿಗೆ ಕುಂಕುಮ. ಚಕ್ರಕ್ಕೆ, ಬಾಲಕ್ಕೆ, ರೆಕ್ಕೆಯ ತುದಿಗೆ ಗಂಧ. ಭಾವ ಚಪ್ಪಲಿ ಕಳಚಿಟ್ಟು, ಹರಿವಾಣದಲ್ಲಿ ಕರ್ಪೂರ ಹಚ್ಚಿ ವಿಮಾನಕ್ಕೆ ಆರತಿ ಎತ್ತುತ್ತಿದ್ದ. ಕಾದ ಮರಳಿಗೆ ಕಾಲು ಸುಡುತ್ತಿದ್ದುದರಿಂದ ಆರತಿಯೂ ಅವನೊಂದಿಗೆ ಕುಣಿಯುತ್ತಿತ್ತು. ತೌಫೀಕನ ಕೋಲು ಮೇಲೆದ್ದಿತ್ತು. ಐತಪ್ಪ ಅದರ ಎದುರು ನಿಂತು, "ನಮ್ಮ ಸಂಸ್ಕೃತಿಯನ್ನು ಮರಳುಗಾಡಿನ ಆಕಾಶಕ್ಕೆ" ಎಂದು ಏನೋ ಹೇಳುತ್ತಿದ್ದ.

ಆಫೀಸಿನ ಬಾಗಿಲಿನಿಂದ ಜೆರಾಲ್ಡ್ ಓಡಿಬಂದ ವೇಗ ನೋಡಿದರೆ ಅವನು ಅರುವತ್ತು ದಾಟಿದವನೆಂದು ಯಾರೂ ಹೇಳುತ್ತಿರಲಿಲ್ಲ. ಹರಿವಾಣ ಕಿತ್ತುಕೊಂಡು ಮರಳಿನ ಮೇಲೆ ಕವುಚಿ ಕಾಲಿನಿಂದ ಒರಸಿದ.

"ಪೆಟ್ರೋಲು! ಟ್ಯಾಂಕ್ ತಲೆ ಮೇಲೆ ಉಂಟು! ಮೈಯೆಲ್ಲ ಬಣ್ಣ ಹಚ್ಚಿದ ಬಟ್ಟೆ! ಮೂಗು ಇಲ್ವಾ ನಿಮಗೆ? ಮುಟ್ಟಬೇಡಿ ಅಂತ ಹೇಳಿದ್ದು ಯಾರಿಗೆ, ಮರಳಿಗಾ?"

"ಆಯುಧಪೂಜೆ ಸಾರ್... ವರ್ಷಕ್ಕೊಂದು ದಿನ..."

"ನನ್ನ ಅಪ್ಪನೂ ಬಸ್ಸಿನ ಡ್ರೈವರ್. ಬಸ್ಸಿಗೆ ಮಾಲೆ ಹಾಕ್ತಿದ್ದ. ಡೀಸೆಲ್ ಟ್ಯಾಂಕಿನ ಬಾಯಲ್ಲಿ ಕರ್ಪೂರ ಇಡ್ತಿರಲಿಲ್ಲ!"

ಬೆಂಕಿ ಕಂಡದ್ದರಿಂದ ಅವನ ಸಿಟ್ಟೆಲ್ಲ ಬೆಂಕಿಗೇ ಹೋಯಿತು. ಉಸಿರು ಇಳಿದ ಮೇಲೆ ಅಶ್ಮಿತಾಳ ಕಡೆ ಕೈ ತೋರಿಸಿ, "ಇವರು ಎಲ್ಲೆಲ್ಲಿ ಕೈ ಹಾಕಿದ್ದಾರೋ ಆ ದೇವರಿಗೇ ಗೊತ್ತು. ಪುನಃ ಸುತ್ತು ಬಾ. ಪೂರ್ತಿ" ಎಂದ.

ಅವಳು ಒರಸುವ ಬಟ್ಟೆ ತೆಗೆದುಕೊಂಡು ಮತ್ತೆ ಶುರು ಮಾಡಿದಳು. ಮಾಲೆ ತೆಗೆದಳು, ಪಂಖ ಒರಸಿದಳು, ಬಲಗಡೆಯ ರೆಕ್ಕೆ, ಬಾಲ, ಎಲ್ಲ ಮೊದಲಿನ ಹಾಗೆಯೇ ಕೈ ಸವರಿ ನೋಡಿದಳು. ಎಡಗಡೆಗೆ ಬರುವಾಗ ಐತಪ್ಪ, "ಮಗಾ, ಒಮ್ಮೆ ಈ ಕಡೆ. ಸ್ಮೈಲ್! ಊರಲ್ಲಿ ನಿನ್ನ ದೊಡ್ಡಮ್ಮ ನೋಡ್ತಾ ಇದ್ದಾರೆ" ಎಂದು ಕೂಗಿದ. ಭಾವ ಅವಳ ಹೆಗಲು ಹಿಡಿದು ಫೋನಿಗೆ ಮುಖ ತಿರುಗಿಸಿ ನಿಲ್ಲಿಸಿದ. ಒಂದು ಫೋಟೊ, ಇನ್ನೊಂದು ಫೋಟೊ. ಅಷ್ಟರಲ್ಲಿ ಜೆರಾಲ್ಡ್ ಮುಂದೆ ಬಂದು ಪಂಖದ ಹತ್ತಿರ ನಿಂತು, "ಆಯ್ತಾ?" ಎಂದ. ಅವಳು "ಎಸ್ ಸರ್" ಎಂದು ಹತ್ತಿ ಕೂತಳು.

ಜೆರಾಲ್ಡ್ ಕೈಯಿಂದಲೇ ಪಂಖವನ್ನು ಎಳೆದು ತಿರುಗಿಸಿದ. ಎಂಜಿನ್ ಕೆಮ್ಮಿ ಹಿಡಿಯಿತು. ಚಕ್ರದಡಿಯ ಮರದ ತುಂಡುಗಳನ್ನು ಎಳೆದ. ಹಳದಿ ವಿಮಾನ ತೂರಾಡುತ್ತ ಗಟ್ಟಿಮಾಡಿದ ಮರಳಿನ ಪಟ್ಟಿಯ ತುದಿಗೆ ಹೋಯಿತು, ತಿರುಗಿತು, ಓಡತೊಡಗಿತು. ಬಾಲ ಎದ್ದಿತು. ಒಂದು ಗಳಿಗೆ ಎಂಜಿನಿನ ಸದ್ದು ಸ್ವಲ್ಪ ಇಳಿದ ಹಾಗೆ ನನಗೆ ಕೇಳಿಸಿತು. ಮತ್ತೆ ಪೂರ್ತಿ ಏರಿತು. ಚಕ್ರ ನೆಲ ಬಿಟ್ಟಿತು.

ಬಳಗದವರು ಕುಣಿದರು. ಭಾವ ಅಳುತ್ತಿದ್ದ. ಐತಪ್ಪ ಫೋನಿಗೆ ಮುಖ ಕೊಟ್ಟು, "ಇದು ನಮ್ಮೆಲ್ಲರ ಹಾರಾಟ" ಎಂದ. ಅವನು ಅಲ್ಲಿಯತನಕ ಹಾರಿಸಿದ್ದು ಭಾಷಣ ಮಾತ್ರ. ಅಕ್ಕ ಚಪ್ಪಾಳೆ ತಟ್ಟಲಿಲ್ಲ. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಆಕಾಶ ನೋಡುತ್ತಿದ್ದಳು. ಜೆರಾಲ್ಡನೂ ನೋಡುತ್ತಿದ್ದ. ಅವನ ಹುಬ್ಬು ಗಂಟಾಗಿತ್ತು.

"ಎಂತಾಯ್ತು?" ಎಂದೆ.

"ಎಂಜಿನ್ ಇಳಿಸಿ ಪುನಃ ಯಾಕೆ ಏರಿಸಿದಳು?" ಎಂದ ಅವನು, ನನಗಲ್ಲ, ತನಗೇ.

ವಿಮಾನ ದೊಡ್ಡ ಸುತ್ತು ಹಾಕಿ ನಮ್ಮ ಕಡೆ ಬಂತು. ಇಳಿಯುವುದೆಂದುಕೊಂಡೆವು. ಆದರೆ ಇಳಿಯಲಿಲ್ಲ. ತಲೆಯ ಮೇಲೆ ತಂತಿಗಳು ಕಿರುಗುಟ್ಟುತ್ತ ಹೋದವು. ಅವಳು ಮತ್ತೆ ಏರಿ ಇನ್ನೊಂದು ಸುತ್ತು ಹಾಕಿದಳು. ಕೆಳಗಿನವರಿಗೆ ಇದು ಬೋನಸ್. ಇನ್ನೂ ಜೋರಾಗಿ ಕೈಬೀಸಿದರು. ಎರಡನೆಯ ಸಲ ಬಂದಾಗ ತಂತಿಯ ಕಿರುಗು ಮೆಲ್ಲ ಮೆಲ್ಲ ಇಳಿದು ಸಿಳ್ಳೆಯಷ್ಟಾಯಿತು, ಸಿಳ್ಳೆ ಉಸಿರಾಯಿತು. ಮೂರು ಚಕ್ರಗಳೂ ಒಟ್ಟಿಗೆ ಮರಳು ಮುಟ್ಟಿದವು. ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ.

ಹ್ಯಾಂಗರಿನ ಮುಂದೆ ಎಂಜಿನ್ ನಿಂತಿತು. ಬಳಗದವರು ಶಾಲು ಬಿಚ್ಚಿದರು. ಜೆರಾಲ್ಡ್ ಅವಳ ಕಡೆ ಹೋಗಲಿಲ್ಲ. ನೇರ ಎಡ ರೆಕ್ಕೆಯ ಬಳಿ ಹೋಗಿ, ಕಂಬದಿಂದ ಮುಂದಕ್ಕೆ ಚಾಚಿಕೊಂಡಿದ್ದ ಬೆರಳಿಗಿಂತ ಸಪೂರದ ಕೊಳವೆಯ ಬಾಯಿ ನೋಡಿದ. ಎದುರುಗಾಳಿ ಆ ಕೊಳವೆಗೆ ನುಗ್ಗಿದರೆ ಮಾತ್ರ ವೇಗ ತೋರಿಸುವ ಮುಳ್ಳು ಅಲ್ಲಾಡುತ್ತದೆ. ಅವನು ಕಿಸೆಯಿಂದ ಸಣ್ಣ ತಂತಿ ತೆಗೆದು ಚುಚ್ಚಿದ. ಒಣಗಿದ ಗಂಧದ ಬಿರಡೆಯೊಂದು ಅಂಗೈಗೆ ಬಿತ್ತು. ಅದರ ನಡುವೆ ಒಂದು ಅಕ್ಷತೆಕಾಳು.

"ಇದು ಯಾರ ಭಕ್ತಿ?" ಎಂದು ಕೇಳಿದ.

ಭಾವ ಶಾಲಿನ ಒಂದು ತುದಿ ಹಿಡಿದುಕೊಂಡು ನಿಂತವನು, "ತುದಿಗೆಲ್ಲ ಇಡುವ ಕ್ರಮ ಸಾರ್. ಎಂತ ತೊಂದರೆ? ಚೆಂದ ಬಂದಳಲ್ಲ!" ಎಂದ.

ಜೆರಾಲ್ಡ್ ಹುಡುಗಿಯ ಕಡೆ ತಿರುಗಿದ. ಅಶ್ಮಿತಾ ಇಳಿದು, ಹೆಲ್ಮೆಟ್ ಕಂಕುಳಲ್ಲಿ ಇಟ್ಟು ಎದುರು ಬಂದು ನಿಂತಿದ್ದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು.

"ಮುಳ್ಳು ಯಾವಾಗ ನಿಂತಿತು?"

ಅವಳು ಹಣೆಯ ಕೂದಲು ಹಿಂದಕ್ಕೆ ಸರಿಸಿದಳು. ಭಾವ ಹಿಂದಿನಿಂದ ಮೆಲ್ಲ, "ಮಿತ್ತ್ ಪೋಯಿ ಬೊಕ್ಕ ಉಂತ್ಂಡ್ ಪನ್ಲ" ಎಂದ. ಮೇಲೆ ಹೋದ ಮೇಲೆ ನಿಂತಿತು ಎಂದು ಹೇಳು, ಎಂದು.

"ನಾನು ಕಿನ್ನಿಗೋಳಿಯವ, ಮಾರಾಯ್ರೆ. ತುಳು ನನಗೂ ಬರ್ತದೆ" ಎಂದ ಜೆರಾಲ್ಡ್, ತಿರುಗಿಯೂ ನೋಡದೆ.

ಹಾಗೆ ಹೇಳಿದ್ದರೆ ಮುಗಿಯುತ್ತಿತ್ತು. ಮೇಲೆ ಹೋದ ಮೇಲೆ ಮುಳ್ಳು ಸತ್ತದ್ದಾದರೆ ಅದು ಅವಳ ತಪ್ಪಲ್ಲ, ಅದಿಲ್ಲದೆ ಇಳಿಸಿದ್ದು ದೊಡ್ಡ ಸಾಮರ್ಥ್ಯ. ಒಳಗೆ ಕೂತಿದ್ದವಳು ಅವಳೊಬ್ಬಳೇ. ಸುಳ್ಳೆಂದು ಸಾಧಿಸುವವರು ಯಾರೂ ಇರಲಿಲ್ಲ.

"ಮೇಲೆ ಅಲ್ಲ ಸರ್" ಎಂದಳು. "ಇಟ್ ನೆವರ್ ಮೂವ್ಡ್. ನೆಲದಲ್ಲಿ ಓಡುವಾಗಲೇ ನೋಡಿದೆ."

"ನೋಡಿ?"

"ನಿಲ್ಲಿಸ್ಲಿಕ್ಕೆ ಪವರ್ ತೆಗೆದೆ. ಜಾಗ ಇತ್ತು. ಆದ್ರೆ ಎಲ್ರೂ ಅಲ್ಲಿ ನಿಂತಿದ್ರು... ಲೈವ್ ಆಗ್ತಾ ಇತ್ತು. ನಿಲ್ಲಿಸಿದ್ರೆ ಪಪ್ಪನಿಗೆ..." ಅಲ್ಲಿಗೆ ಬಿಟ್ಟಳು. "ಸೋ, ಐ ವೆಂಟ್."

"ಸುತ್ತು ಬಾ ಅಂದಾಗ ಎಡಗಡೆ ನೋಡಿದ್ಯಾ?"

"ಫೋಟೊಕ್ಕೆ ನಿಂತೆ."

"ಇಳಿಸಿದ್ದು ಹೇಗೆ?"

"ತಂತಿ ಸೌಂಡ್ ಕೇಳಿ. ಮೊದಲ ಸಲ ಸ್ಪೀಡ್ ಜಾಸ್ತಿ ಇತ್ತು, ಅದಕ್ಕೆ ಇಳಿಸ್ಲಿಲ್ಲ."

ಜೆರಾಲ್ಡ್ ಗಂಧದ ಬಿರಡೆಯನ್ನು ಕಿಸೆಗೆ ಹಾಕಿಕೊಂಡ. "ಇಳಿಸಿದ್ದು ಒಳ್ಳೇದಿತ್ತು. ನಾನೇ ಅಷ್ಟು ಚೆಂದ ಇಳಿಸುವುದಿಲ್ಲ. ಆದ್ರೆ ನೀನು ಏರಬಾರದಿತ್ತು. ಡಿಸೆಂಬರಿಗೆ ನೀನಿಲ್ಲ."

ಅವಳು ತಲೆ ಅಲ್ಲಾಡಿಸಿದಳು. ಅಳಲಿಲ್ಲ. ಅಳುವ ಕೆಲಸವನ್ನು ಅವಳಪ್ಪ ಮೊದಲೇ ಮುಗಿಸಿದ್ದ.

ಇಷ್ಟಾದ ಮೇಲೆ ಮಾನ ಇದ್ದವರು ಶಾಲು ಮಡಚಿ ಕಾರಿಗೆ ಹಾಕಿ ಹೊರಡುತ್ತಿದ್ದರು. ಐತಪ್ಪ ಪೇಟ ಎತ್ತಿಕೊಂಡು ಮುಂದೆ ಬಂದ.

"ಅದೆಲ್ಲ ಕ್ಲಬ್ಬಿನ ಒಳಗಿನ ವಿಷಯ. ನಾವು ಸನ್ಮಾನ ಮುಗಿಸಿಬಿಡುವ. ಬಾ ಮಗಾ."

"ಅಂಕಲ್, ಐ ಫೇಲ್ಡ್."

"ಅದು ನಮಗೆ ಗೊತ್ತು. ನೋಡುವವರಿಗೆ ಗೊತ್ತಿಲ್ಲವಲ್ಲ! ಹಾರಿದ್ದು ಹಾರಿದ್ದೇ. ತೌಫೀಕ್, ಹಿಡಿ."

ನನಗೆ ತಡೆಯಲಾಗಲಿಲ್ಲ. "ಐತಪ್ಪಣ್ಣ, ನಿಮ್ಮ ಬಳಗದಲ್ಲಿ ಫೇಲಾದವರಿಗೆ ಶಾಲು ಹೊದಿಸುವುದಾದರೆ ನಿಮ್ಮ ಮಗನಿಂದ ಶುರು ಮಾಡಬಹುದಿತ್ತಲ್ಲ? ಅವನು ಎರಡು ಸಲ ಆಗಿದ್ದಾನೆ."

"ಭಾವ, ನೀವು ಬಾಯಿ ಮುಚ್ಚಿ!" ಎಂದು ಕೃಷ್ಣಪ್ಪ ನನ್ನ ಮೇಲೆ ಹರಿಹಾಯ್ದ. ಅಷ್ಟರಲ್ಲಿ ಶಾಲು ಹುಡುಗಿಯ ಹೆಗಲ ಮೇಲೆ ಬಿದ್ದಿತ್ತು, ಪೇಟ ತಲೆ ಏರಿತ್ತು. ಅಳತೆಗೆ ದೊಡ್ಡದಾಗಿ ಕಿವಿಯವರೆಗೆ ಇಳಿದಿತ್ತು. ತೌಫೀಕನ ಕೋಲು ಅವಳ ಮುಖದೆದುರು ಬಂತು. "ಎರಡು ಮಾತು ಹೇಳು ಮಗಾ, ಊರಿನವರಿಗೆ" ಎಂದ ಐತಪ್ಪ.

ಅಶ್ಮಿತಾ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಶಾಲು ಹಾಗೆಯೇ ಬಿಟ್ಟಳು. ಫೋನಿಗೆ ನೇರ ನೋಡಿದಳು.

"ನಮಸ್ಕಾರ. ನಾನು ಅಶ್ಮಿತಾ. ನೀವೆಲ್ಲ ಕ್ಲ್ಯಾಪ್ ಮಾಡ್ತಾ ಇರ್ಬಹುದು. ಮಾಡ್ಬೇಡಿ. ವಿಮಾನದ ಸ್ಪೀಡ್ ತೋರಿಸುವ ಪೈಪಿಗೆ ಗಂಧ ಹೋಗಿತ್ತು. ನಾನು ಸರಿ ನೋಡ್ಲಿಲ್ಲ. ಸ್ಪೀಡ್ ಬರ್ತಾ ಇಲ್ಲ ಅಂತ ಗೊತ್ತಾದ ಮೇಲೂ ಹಾರಿದೆ. ಯಾಕಂದ್ರೆ ನೀವು ನೋಡ್ತಾ ಇದ್ರಿ. ಅದು ದೊಡ್ಡ ತಪ್ಪು. ನನ್ನ ಸರ್ ನನ್ನನ್ನು ಫೇಲ್ ಮಾಡಿದ್ದಾರೆ. ಅವರು ಮಾಡಿದ್ದು ಸರಿ. ಖಲಾಸ್."

"ಕಟ್ ಮಾಡು! ಏ, ಕಟ್ ಮಾಡು ಮಾರಾಯಾ!" ಎಂದು ಐತಪ್ಪ ಚೀರಿದ.

"ಲೈವ್ ಸಾರ್. ಹೋದದ್ದು ಹೋಯ್ತು. ಕಟ್ ಮಾಡ್ಲಿಕ್ಕೆ ಇದು ಮದುವೆ ವೀಡಿಯೊ ಅಲ್ಲ" ಎಂದ ತೌಫೀಕ್. ಆಮೇಲೆ ನಿಧಾನಕ್ಕೆ, ಅವಸರವೇ ಇಲ್ಲದೆ, ಫೋನು ಇಳಿಸಿದ.

ಭಾವನ ಮುಖ ಸುಟ್ಟ ಬದನೆಕಾಯಿ ಆಗಿತ್ತು. "ಇಷ್ಟು ಜನರ ಎದುರು ನನ್ನ ಮರ್ಯಾದೆ ತೆಗೆದೆಯಲ್ಲ" ಎಂದ ಮಗಳಿಗೆ. ಅವಳು ಸತ್ತಿದ್ದರೆ ಮರ್ಯಾದೆ ಉಳಿಯುತ್ತಿತ್ತೇನೋ. ಒಂದು ಅಕ್ಕಿಕಾಳಿನ ಅಂತರದಲ್ಲಿ ಅವಳು ಬದುಕಿ ಬಂದಿದ್ದಾಳೆಂದು ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ಐತಪ್ಪ ಬಳಗದವರನ್ನು ಕಟ್ಟಿಕೊಂಡು ಹೊರಟ. ಹೊರಡುವಾಗ ಹಣ್ಣಿನ ಬುಟ್ಟಿ ವಾಪಸು ಒಯ್ಯಲು ಮರೆಯಲಿಲ್ಲ.

ಅಶ್ಮಿತಾ ಶಾಲನ್ನು ನೀಟಾಗಿ ಮಡಚಿ, ಪೇಟವನ್ನು ಅದರ ಮೇಲಿಟ್ಟು ಅಪ್ಪನ ಕೈಗೆ ಕೊಟ್ಟಳು. ಜೆರಾಲ್ಡನ ಕಡೆಗೆ ಒಂದು ಹೆಜ್ಜೆ ಇಟ್ಟು ನಿಂತಳು. ಏನೋ ಕೇಳಬೇಕೆಂದಿತ್ತು. ಕೇಳಿದ್ದು ಅಕ್ಕ. ಅವತ್ತು ಬೆಳಗ್ಗಿನಿಂದ ವಸಂತಿಯಕ್ಕ ಆಡಿದ ಮೊದಲ ಮಾತು ಅದು.

"ಸರ್, ಇವಳು ಇನ್ನು ಇಲ್ಲಿಗೆ ಬರಬಹುದಾ, ಬಾರದಾ? ಅದೊಂದು ಹೇಳಿ."

ಜೆರಾಲ್ಡ್ ಚಕ್ರದಡಿಗೆ ಮರದ ತುಂಡು ತಳ್ಳುತ್ತಿದ್ದವನು ನಿಂತ. ಹುಡುಗಿಯನ್ನು ನೋಡಿದ, ಅವಳಪ್ಪನ ಕೈಯಲ್ಲಿದ್ದ ಪೇಟ ನೋಡಿದ.

"ಮುಂದಿನ ಶುಕ್ರವಾರ ಬರ್ಲಿ. ಮೊದಲಿನಿಂದ ಶುರು. ನಾನು ಮುಂದೆ ಕೂತ್ಕೊಳ್ತೇನೆ." ಬೆರಳೆತ್ತಿದ. "ಇವಳೊಬ್ಬಳೇ."

"ಡ್ರೈವ್ ಮಾಡ್ಲಿಕ್ಕೆ ನಾನು ಬೇಕಲ್ಲ ಸಾರ್?" ಎಂದ ಭಾವ. ವಿಮಾನದ ಲೈಸೆನ್ಸ್ ಇರುವ ಹುಡುಗಿಗೆ ದುಬೈಯ ಕಾರಿನ ಲೈಸೆನ್ಸ್ ಇನ್ನೂ ಸಿಕ್ಕಿರಲಿಲ್ಲ. "ಇಷ್ಟು ದೂರ ಅವಳು ಹೇಗೆ ಬರುವುದು?"

"ಗೇಟಿನ ತನಕ ಬನ್ನಿ" ಎಂದ ಜೆರಾಲ್ಡ್.

"ಬೇಡ, ನಾನೇ ಪಿಕಪ್ಪಲ್ಲಿ ತಂದು ಬಿಡ್ತೇನೆ" ಎಂದೆ ನಾನು.

"ನೀವೂ ಗೇಟಿನ ತನಕ."